ಬಾನಿ ತಳದ ಹುಳಿ

ಹಂದಿ ಕಲಗಚ್ಚಿನ ಬಾನಿ ತೊಳೆದು ಮುಗಿಸಿದ ಮೇಲೆ ಶಾಮಲ ಎರಡು ಹೆಜ್ಜೆ ಹಿಂದಕ್ಕೆ ಹೋಗಿ, ಸೊಂಟದ ಮೇಲೆ ಕೈಯಿಟ್ಕೊಂಡು ನೋಡಿದ್ಲು. ಮೂರು ಸಲ ಕುದಿಯೋ ನೀರು ಹುಯ್ದಿದ್ಲು, ಎರಡು ಸಲ ಸೋಡಾ ಪುಡಿ ಹಾಕಿದ್ಲು, ಇಟ್ಟಿಗೆ ಪುಡೀಲಿ ಉಜ್ಜಿ ಉಜ್ಜಿ ತೆಂಗಿನ ನಾರೇ ಸವೆದುಹೋಗಿತ್ತು. ಕಪ್ಪಗೆ ಜಿಡ್ಡುಗಟ್ಟಿದ್ದ ಮಣ್ಣಿನ ಬಾನಿ ಈಗ ಕುಂಬಾರರ ಮನೆಯಿಂದ ಇವತ್ತೇ ಇಳಿಸಿದ ಹಾಗೆ ಕೆಂಪಗೆ ಕಾಣ್ತಿತ್ತು. ತಳದಲ್ಲಿ ನಾಲ್ಕು ಬೆರಳಷ್ಟು ಗಟ್ಟಿಯಾಗಿ ಕೂತಿದ್ದ ಹುಳಿ ಗೊಜ್ಜನ್ನ ಕೆರೆದು ತೆಗೆದು ತಿಪ್ಪೆಗೆ ಸುರಿದಿದ್ಲು. ಆ ವಾಸನೆ ಕೈಯಿಂದ ಹೋಗೋಕೆ ಎರಡು ಸಲ ಸೋಪು ಹಚ್ಚಬೇಕಾಯ್ತು. ಅತ್ತೆ ಬಂದು ನೋಡಿದ್ರೆ ಎಷ್ಟು ಖುಷಿ ಪಡ್ತಾರೋ ಅಂದ್ಕೊಂಡ್ಲು.

ಅದು ಎಪ್ಪತ್ತೊಂಬತ್ತನೇ ಇಸವಿ, ಮಾವಿನ ಕಾಲ. ಯಲ್ದೂರು ಹತ್ರದ ಒಂದೂರಲ್ಲಿ, ಕೆರೆ ಕಟ್ಟೆ ಕೆಳಗೆ ಇವರ ಮನೆ. ಇಡೀ ಊರಲ್ಲಿ ಹಂದಿ ಸಾಕೋದು ಇವರ ಮನೆಯೊಂದೇ. ಶಾಮಲ ಕೋಲಾರ ಪೇಟೆ ಹುಡುಗಿ, ಎಸ್ಸೆಸ್ಸೆಲ್ಸಿ ಪಾಸು, ಅಪ್ಪ ಆಫೀಸಲ್ಲಿ ಜವಾನ. ಮದುವೆಯಾಗಿ ಮೂರು ತಿಂಗಳು. ಮೊದಲನೇ ವಾರ ಹಂದಿಗೂಡಿನ ವಾಸನೆಗೆ ಅವಳಿಗೆ ಮುದ್ದೆ ಗಂಟಲಲ್ಲಿ ಇಳೀತಿರಲಿಲ್ಲ. ಆಮೇಲೆ ಒಗ್ಗಿತು. ಒಗ್ಗಿದ್ದಷ್ಟೇ ಅಲ್ಲ, ಮರಿಗಳನ್ನ ಕಂಡ್ರೆ ಪ್ರೀತೀನೇ ಬಂತು. ಒಂಬತ್ತು ಮರಿ. ಕಪ್ಪಗೆ, ಮೈತುಂಬಾ ಒರಟು ಕೂದಲು, ಉದ್ದ ಮೂತಿ. ಅದರಲ್ಲಿ ಒಂದಕ್ಕೆ ಹಣೆ ಮೇಲೆ ಬಿಳಿ ಚುಕ್ಕೆ. ಅದು ಶಾಮಲನ ಸೆರಗು ಹಿಡಿದು ಜಗ್ಗೋದು.

ಆದ್ರೆ ಬಾನಿ ಹತ್ರ ಮಾತ್ರ ಅತ್ತೆ ಮುನಿಯಲ್ಲಮ್ಮ ಯಾರನ್ನೂ ಬಿಡ್ತಿರಲಿಲ್ಲ. ರಾಗಿ ತೊಳೆದ ನೀರು, ರಾಗಿ ಹೊಟ್ಟು, ತಂಗಳು ಗಂಜಿ, ಸೊಪ್ಪಿನ ದಂಟು, ಮಾವಿನ ಸಿಪ್ಪೆ, ಎಲ್ಲಾ ಆ ಬಾನಿಗೆ ಬೀಳ್ತಿತ್ತು. ಬೆಳಿಗ್ಗೆ ನೊರೆ ಎದ್ದಿರೋದು. ಅತ್ತೆ ಬಗ್ಗಿ ಕೈಯಾರೆ ಮೊಗೆದು ಮೊಗೆದು ತೊಟ್ಟಿಗೆ ಹಾಕೋರು. ಅದನ್ನ ಯಾಕೆ ಇನ್ನೊಬ್ಬರಿಗೆ ಬಿಡಲ್ಲ ಅಂತ ಶಾಮಲ ಕೇಳಿರಲಿಲ್ಲ, ಅತ್ತೇನೂ ಹೇಳಿರಲಿಲ್ಲ. ವಯಸ್ಸಾದೋರಿಗೆ ಒಂದೊಂದು ಕೆಲಸದ ಮೇಲೆ ಹಠ ಇರ್ತದಲ್ಲ, ಹಂಗೆ ಅಂದ್ಕೊಂಡಿದ್ಲು.

ಸೋಮವಾರ ಬೆಳಿಗ್ಗೆ ಅತ್ತೆ ಮುಳಬಾಗಿಲಿಗೆ ಹೊರಟ್ರು, ಅಣ್ಣನ ಮೊಮ್ಮಗೂಗೆ ನಾಮಕರಣ ಅಂತ. ಹೋಗೋವಾಗ ಹೇಳಿದ್ದು ಒಂದೇ ಮಾತು.

"ಕರಿಕಿ ಕಡೆ ನಿಗಾ ಇರ್ಲಿ ಕಣೇ. ಅದಕ್ಕೆ ಇದೇ ಕೊನೇ ಸೂಲು."

ಕರಿಕಿ ಅಂದ್ರೆ ತಾಯಿಹಂದಿ. ಅತ್ತೆ ಮದುವೆಯಾಗಿ ಬರೋವಾಗ ಅವರಮ್ಮ ಮುಳಬಾಗಿಲು ಕಡೆಯಿಂದ ಒಂದು ಹೆಣ್ಣು ಮರಿ ಕಳಿಸಿದ್ರಂತೆ. ಅದರ ಮಗಳು, ಮೊಮ್ಮಗಳು, ಮರಿಮಗಳು ಅಂತ ನಡ್ಕೊಂಡು ಬಂದ ಸಂತಾನ ಅದು. ಹೋದ ವರ್ಷ ಹಂದಿಜ್ವರ ಬಂದು ಹದಿನಾಲ್ಕು ಹೋಗಿದ್ವು. ಉಳಿದಿದ್ದು ಕರಿಕಿ ಒಂದೇ. ಈ ಒಂಬತ್ತು ಮರೀನೂ ಹೋದ್ರೆ ಅಲ್ಲಿಗೆ ಮುಗೀತು.

ಅವತ್ತೇ ಮಧ್ಯಾಹ್ನ ಡಾಕ್ಟ್ರು ಬಂದ್ರು. ಯಲ್ದೂರು ದನದ ಆಸ್ಪತ್ರೆಗೆ ಆರು ತಿಂಗಳ ಹಿಂದೆ ಬಂದ ಕದಿರೇಶ್ ಅಂತ, ಕೆಜಿಎಫ್ ಕಡೆಯೋರು, ಇನ್ನೂ ಇಪ್ಪತ್ನಾಲ್ಕು ವರ್ಷ. ಬೇರೆ ಡಾಕ್ಟ್ರುಗಳು ಸೀಮೆಹಸು ಹಿಂದೆ ಓಡಾಡ್ತಿದ್ರೆ ಈಯಪ್ಪ ನಾಟಿ ಹಂದಿ ಹಿಂದೆ. ಹದಿನೈದು ದಿನದ ಹಿಂದೆ ಬಂದು ಕರಿಕಿ ಸಗಣೀನ ಸಣ್ಣ ಬಾಟ್ಲಿಗೆ ತುಂಬಿಸ್ಕೊಂಡು ಹೋಗಿದ್ರು. ಬಾನಿಯಿಂದಲೂ ಒಂದು ಚಮಚ. "ಡಾಕ್ಟ್ರಿಗೆ ಮದುವೆ ಮಾಡ್ಸಬೇಕು," ಅಂತ ಅತ್ತೆ ಅವತ್ತು ನಕ್ಕಿದ್ರು.

ಈ ಸಲ ಸೈಕಲ್ ಹಿಂದೆ ಅರ್ಧ ಮೂಟೆ ಕಟ್ಕೊಂಡು ಬಂದಿದ್ರು.

"ಇದು ಸರ್ಕಾರಿ ಫಾರಂನಲ್ಲಿ ಬಿಳಿ ಸೀಮೆಹಂದಿಗೆ ಹಾಕೋ ಫೀಡು ಶಾಮಲಮ್ಮ. ಜೋಳ, ಕಡ್ಲೆಕಾಯಿ ಹಿಂಡಿ, ಮೀನಿನ ಪುಡಿ. ನಾಟಿ ಹಂದಿ ಇದನ್ನ ತಿಂದ್ರೆ ಹೊಟ್ಟೇಲಿ ಏನಾಗ್ತದೆ ಅಂತ ನೋಡಬೇಕು. ನಾಳೆ ಬಂದು ಮರಿಗಳನ್ನ ತೂಕ ಮಾಡ್ತೀನಿ. ನಾಳೆಯಿಂದಲೇ ಶುರು ಮಾಡೋಣ."

"ಅತ್ತೆ ಇಲ್ಲ ಸಾರ್."

"ಬಂದಾಗ ಮರಿಗಳು ದಪ್ಪ ಆಗಿದ್ರೆ ಅವರೇ ಖುಷಿ ಪಡ್ತಾರೆ ಬಿಡಿ."

ಶಾಮಲ ಒಂದು ಹಿಡಿ ತಗೊಂಡು ಮೂಸಿದ್ಲು. ಹುರಿದ ಜೋಳದ ಘಮ. ಬಾನಿ ಕಡೆ ನೋಡಿದ್ಲು. ಅದರ ಅಂಚಲ್ಲಿ ನೊಣ, ಕಪ್ಪು ಜಿಡ್ಡು. ನಾಳೆ ಡಾಕ್ಟ್ರು ತೂಕದ ತಕ್ಕಡಿ ತಗೊಂಡು ಬರ್ತಾರೆ, ಅದು ಸರ್ಕಾರಿ ಕೆಲಸ, ಎಲ್ಲಾ ಬರ್ಕೊಂಡು ಹೋಗ್ತಾರೆ. ಈ ಮನೇಲಿ ಓದಿದ ಸೊಸೆ ಇದಾಳೆ ಅಂತ ಗೊತ್ತಾಗಬೇಡ್ವಾ. ಹಂಗಾಗಿ ಅವಳು ಇಟ್ಟಿಗೆ ಕುಟ್ಟೋಕೆ ಕೂತ್ಲು.

ಮಂಗಳವಾರ ಡಾಕ್ಟ್ರು ಬಂದು ಬಾನಿ ನೋಡಿ "ಭೇಷ್, ಹಿಂಗಿರಬೇಕು," ಅಂದ್ರು. ಮರಿಗಳನ್ನ ಗೋಣಿಚೀಲಕ್ಕೆ ಹಾಕಿ ತೂಕ ಮಾಡಿದ್ರು. ಆಮೇಲೆ ವಕ್ಕಲೇರಿ ಕಡೆ ಕಾಲುಬಾಯಿ ಜ್ವರದ ಚುಚ್ಚುಮದ್ದಿನ ಕ್ಯಾಂಪು ಅಂತ ಹೊರಟ್ರು, ಶನಿವಾರ ಬರ್ತೀನಿ ಅಂತ. ಮರಿಗಳು ಹೊಸ ಫೀಡನ್ನ ತಿಂದಿದ್ದೇ ತಿಂದಿದ್ದು. ಕರಿಕೀನೂ ಮೂತಿ ಎತ್ತಲಿಲ್ಲ. ಬುಧವಾರಾನೂ ಹಂಗೇ. ಶಾಮಲ ಗಂಡನಿಗೆ ತೋರಿಸಿದ್ಲು.

"ನೋಡ್ರೀ, ಹೊಟ್ಟೆ ಹೆಂಗೆ ಬಂದಿದೆ."

ಗಂಗುಲಪ್ಪ ಶ್ರೀನಿವಾಸಪುರದ ಮಾವಿನ ಮಂಡೀಲಿ ಇಡೀ ದಿನ ಹಣ್ಣು ವಿಂಗಡಿಸಿ ಸುಸ್ತಾಗಿ ಬಂದಿದ್ದ. "ನಿನಗಿಂತ ಚೆನ್ನಾಗಿ ಉಣ್ತಾ ಇದಾವೆ ಬಿಡೇ," ಅಂದ.

ಗುರುವಾರ ಬೆಳಿಗ್ಗೆ ಗೂಡಿನ ನೆಲವೆಲ್ಲಾ ಹಳದಿ ನೀರು.

ಮಧ್ಯಾಹ್ನದ ಹೊತ್ತಿಗೆ ಒಂಬತ್ತೂ ಭೇದಿ ಮಾಡ್ಕೋತಿದ್ವು. ಬಾಲ ನೆಂದು ತೊಡೆಗೆ ಅಂಟ್ಕೊಂಡಿತ್ತು. ಶಾಮಲ ಓಮದ ನೀರು ಕುಡಿಸಿದ್ಲು, ದೃಷ್ಟಿ ತೆಗೆದ್ಲು, ಫೀಡು ಕಮ್ಮಿಯಾಯ್ತೇನೋ ಅಂತ ಇನ್ನೂ ಎರಡು ಬೊಗಸೆ ಹಾಕಿದ್ಲು. ಶುಕ್ರವಾರ ಬೆಳಿಗ್ಗೆ ಗೂಡಿನ ಬಾಗಿಲು ತೆಗೆದ್ರೆ ಎರಡು ಮರಿ ಮಲಗಿದ್ವು. ಏಳಿಸೋಣ ಅಂತ ಕೈಯಿಟ್ಟಳು. ಕಲ್ಲಿನ ಹಾಗೆ ತಣ್ಣಗಿತ್ತು. ಇನ್ನೊಂದನ್ನ ಮುಟ್ಟೋಕೆ ಅವಳಿಗೆ ಧೈರ್ಯ ಬರಲಿಲ್ಲ. ಬಾಗಿಲ ಹತ್ರಾನೇ ಕೂತಳು. ಗಂಡ ಬಂದು "ಏನೇ ಆಯ್ತು" ಅಂತ ಕೇಳಿದ್ದಕ್ಕೆ ಗೂಡಿನೊಳಗೆ ಕೈ ತೋರಿಸಿದ್ಲು.

ಅವತ್ತೇ ಮಧ್ಯಾಹ್ನದ ಬಸ್ಸಿಗೆ ಅತ್ತೆ ಇಳಿದ್ರು. ಕೈಯಲ್ಲಿ ನಾಮಕರಣದ ಕಡ್ಲೆ, ಬಾಳೆಹಣ್ಣು. ಅಂಗಳಕ್ಕೆ ಬಂದೋರೇ ಶಾಮಲನ ಮುಖ ನೋಡಿದ್ರು, ಗೂಡಿನ ಕಡೆ ನೋಡಿದ್ರು. ಹೋಗಿ ಮರಿಗಳನ್ನ ಒಂದೊಂದೇ ಎತ್ತಿ ನೋಡಿದ್ರು. ಏಳು. ಅಳಲಿಲ್ಲ, ಬೈಯಲಿಲ್ಲ. ಸೀದಾ ಬಾನಿ ಹತ್ರ ನಡೆದ್ರು.

ಮುಚ್ಚಿದ್ದ ಹಲಗೆ ಸರಿಸಿ, ಬಗ್ಗಿ, ಕಂಕುಳ ತನಕ ಕೈ ಇಳಿಸಿದ್ರು. ತಳ ತಡಕಿದ್ರು. ಕೈ ಹೊರಗೆ ತೆಗೆದು ಅಂಗೈ ನೋಡ್ಕೊಂಡ್ರು. ಒಣಗಿದ ಅಂಗೈ. ಅದನ್ನೇ ನೋಡ್ತಾ ನಿಂತ್ರು.

"ಇದನ್ನ ತೊಳೆದೋರು ಯಾರು?"

ಗಂಗುಲಪ್ಪನಿಗೆ ಗೊತ್ತಿರಲಿಲ್ಲ, ಅವನು ದಿನವೆಲ್ಲಾ ಮಂಡೀಲಿ. ಬಾಯಿಗೆ ಬಂದಿದ್ದು ಹೇಳಿದ. "ಆ ಡಾಕ್ಟ್ರು ಬಂದಿದ್ರಲ್ಲಮ್ಮ, ಯಾವಾಗ್ಲೂ ಕ್ಲೀನು ಕ್ಲೀನು ಅಂತಿರ್ತಾರೆ. ಅವರೇ ತೊಳೆಸಿರಬೇಕು."

ಶಾಮಲ ಹೌದು ಅನ್ನಲಿಲ್ಲ, ಇಲ್ಲಾನೂ ಅನ್ನಲಿಲ್ಲ. ಸುಮ್ಮನಿದ್ದಿದ್ದೇ ಹೌದು ಅಂದ ಹಾಗಾಯ್ತು.

"ಅದು ನಮ್ಮಮ್ಮಂದು ಕಣೋ," ಅಂದ್ರು ಅತ್ತೆ. ಧ್ವನಿ ಎತ್ತಲಿಲ್ಲ. "ನಮ್ಮಮ್ಮಂಗೆ ಅವರಮ್ಮ ಕೊಟ್ಟಿದ್ದು. ಮೊಸರಿಗೆ ಹೆಪ್ಪು ಹಾಕಲ್ವಾ, ಹಂಗೆ. ತಳದ ನಾಲ್ಕು ಬೆರಳು ಮಾತ್ರ ಯಾವತ್ತೂ ತೆಗೀಬಾರದು. ಅದರ ಮೇಲೇನೇ ಹೊಸದು ಸುರೀಬೇಕು. ಮರಿಗೆ ಹೊಟ್ಟೆ ಕೆಟ್ಟರೆ ಆ ತಳದ್ದೇ ಎರಡು ಬೆರಳು ನೆಕ್ಕಿಸಿದ್ರೆ ಸಾಕು, ನಿಂತುಬಿಡೋದು. ಮೂವತ್ತೊಂದು ವರ್ಷ ನಾನು ಅದನ್ನ ಬಿಟ್ಟು ಮೂರು ದಿನಕ್ಕಿಂತ ಜಾಸ್ತಿ ಎಲ್ಲೂ ಹೋದೋಳಲ್ಲ. ಈ ಸಲ ಮನೇಲಿ ಸೊಸೆ ಇದಾಳಲ್ಲ ಅಂತ ಐದು ದಿನ ಉಳ್ಕೊಂಡೆ."

ಶಾಮಲ ತಿಪ್ಪೆಗೆ ಓಡಿದ್ಲು. ಸುರಿದ ಜಾಗ ಹುಡುಕಿ ಬರಿಗೈಲಿ ಕೆದಕಿದ್ಲು. ನಾಲ್ಕು ದಿನದ ಬಿಸಿಲು, ಮೇಲೆ ಸೋಡಾ ನೀರು, ಕೋಳಿಗಳು ಬೇರೆ ಕೆರೆದು ಹಾಕಿದ್ವು. ಬರೀ ಬೂದಿ, ಹುಲ್ಲು, ಒಣಗಿದ ಸಿಪ್ಪೆ. ಮೂಸಿ ನೋಡಿದ್ಲು, ಸೋಡಾ ವಾಸನೆ ಬಂತು. ಅಲ್ಲೇ ಕೂತು ಅತ್ತಳು. ಹಂದಿ ಕಲಗಚ್ಚಿಗೋಸ್ಕರ ತಿಪ್ಪೆ ಮೇಲೆ ಕೂತು ಅಳ್ತೀನಿ ಅಂತ ಅವಳು ಕನಸಲ್ಲೂ ಅಂದ್ಕೊಂಡಿರಲಿಲ್ಲ.

ಶನಿವಾರ ಬೆಳಿಗ್ಗೆ ಡಾಕ್ಟ್ರು ನಗ್ತಾ ಬಂದ್ರು, ತಕ್ಕಡಿ ಹಿಡ್ಕೊಂಡು. ಅತ್ತೆ ಅಂಗಳದಲ್ಲೇ ಹಿಡ್ಕೊಂಡ್ರು.

"ಬಾ ನಾಯನಾ, ಬಾ. ತೂಕ ಮಾಡೋಕೆ ಬಂದ್ಯಾ? ಎರಡು ಮಣ್ಣಲ್ಲಿವೆ, ಅಗೆದು ಕೊಡ್ಲಾ? ಏನು ಓದಿದೀಯಪ್ಪ ನೀನು. ನಮ್ಮ ಬಾನೀಗೆ ಕೈ ಹಾಕೋಕೆ ನಿನಗೆ ಯಾರು ಹೇಳಿದ್ರು? ನಿಮ್ಮ ದೊಡ್ಡ ಸಾಹೇಬ್ರಿಗೆ ಅರ್ಜಿ ಬರೆಸ್ತೀನಿ. ಇನ್ನು ಈ ಅಂಗಳ ತುಳೀಬೇಡ."

ಡಾಕ್ಟ್ರ ಮುಖದ ನಗು ಹಂಗೇ ಇಳಿದುಹೋಯ್ತು. ಬಾನಿ ನೋಡಿದ್ರು, ಮರಿಗಳನ್ನ ನೋಡಿದ್ರು, ಶಾಮಲನ್ನ ನೋಡಿದ್ರು. ಶಾಮಲ ತಲೆ ಬಗ್ಗಿಸಿದ್ಲು. ಈಗ ಹೇಳ್ತಾರೆ, ಈಗ ಹೇಳ್ತಾರೆ ಅಂತ ಕಾದ್ಲು.

"ತಪ್ಪು ನಂದೇ ಅಮ್ಮ," ಅಂದ್ರು ಡಾಕ್ಟ್ರು. "ಫೀಡು ಕೊಟ್ಟಿದ್ದು ನಾನೇ. ಅದನ್ನ ನಿಲ್ಲಿಸಿಬಿಡಿ. ಉಪ್ಪು ಹಾಕಿದ ರಾಗಿ ಗಂಜಿ ಮಾತ್ರ ಕುಡಿಸ್ತಾ ಇರಿ."

ಅಷ್ಟೇ ಹೇಳಿ, ಕರಿಕೀದೊಂದು, ಮರೀದೊಂದು ಬಾಟ್ಲಿ ತುಂಬಿಸ್ಕೊಂಡು, ಸೈಕಲ್ ತಳ್ಕೊಂಡು ಹೊರಟ್ರು. ಹತ್ತಿದ್ದೂ ಇಲ್ಲ, ತಳ್ಕೊಂಡೇ ಹೋದ್ರು.

ಶಾಮಲನಿಗೆ ನಿಂತಲ್ಲಿ ನಿಲ್ಲೋಕಾಗಲಿಲ್ಲ. ಮೆಣಸಿನಕಾಯಿ ತರ್ತೀನಿ ಅಂತ ಹೇಳಿ ಯಲ್ದೂರಿಗೆ ನಡೆದ್ಲು. ಆಸ್ಪತ್ರೇಲಿ ಡಾಕ್ಟ್ರು ಒಬ್ಬರೇ, ಕಿಟಕಿ ಹತ್ರ ಕಪ್ಪು ಮೈಕ್ರೋಸ್ಕೋಪಿನ ಮೇಲೆ ಬಗ್ಗಿದ್ರು. ತಲೆ ಎತ್ತಿದಾಗ ಅವರ ಕಣ್ಣು ಕೆಂಪಾಗಿತ್ತು.

"ಬನ್ನಿ ಶಾಮಲಮ್ಮ. ಇದನ್ನ ನೋಡಿ. ಒಂದು ಕಣ್ಣು ಮುಚ್ಕೊಂಡು ನೋಡಿ."

ನೋಡಿದ್ಲು. ಮೊದಲು ತನ್ನ ರೆಪ್ಪೇನೇ ಕಂಡಿತು. ಆಮೇಲೆ ಒಂದು ದುಂಡನೆ ಬೆಳಕು, ಅದರ ತುಂಬಾ ನೇರಳೆ ಬಣ್ಣದ ಸಣ್ಣ ಸಣ್ಣ ಕಡ್ಡಿ. ರಾಗಿ ಒಕ್ಕಿದ ಕಣದಲ್ಲಿ ಹುಲ್ಲಿನ ಚೂರು ಚೆಲ್ಲಾಡಿರ್ತದಲ್ಲ, ಹಂಗೆ. ನಡುವೆ ಅಲ್ಲೊಂದು ಇಲ್ಲೊಂದು ಗುಲಾಬಿ ಬಣ್ಣದ್ದು.

"ಇಪ್ಪತ್ತು ದಿನದ ಹಿಂದೆ ಕರಿಕಿ ಹೊಟ್ಟೆ ಹಿಂಗಿತ್ತು. ಇವು ಬ್ಯಾಕ್ಟೀರಿಯಾ, ಕಣ್ಣಿಗೆ ಕಾಣದ ಜೀವಿಗಳು. ಕಾಣ್ಲಿ ಅಂತ ಬಣ್ಣ ಹಾಕಿದೀನಿ. ಈಗ ಇದು ನೋಡಿ, ಅವತ್ತೇ ತಗೊಂಡ ನಿಮ್ಮ ಬಾನೀದು."

ಅದೇ ನೇರಳೆ ಕಡ್ಡಿ. ಇನ್ನೂ ದಟ್ಟವಾಗಿ, ಜಾಗವೇ ಇಲ್ಲದ ಹಾಗೆ.

"ಇದು ಇವತ್ತಿನ ಮರೀದು."

ನೇರಳೆ ಇಲ್ಲ. ಹುಡುಕಿದ್ಲು, ಎಲ್ಲೂ ಇಲ್ಲ. ಇಡೀ ಬೆಳಕಿನ ತುಂಬಾ ಗುಲಾಬಿ. ಗಿಜಿಗಿಜಿ ಗುಲಾಬಿ. ಚಂದದ ಬಣ್ಣ ಕಂಡು ಅವಳಿಗೆ ಯಾವತ್ತೂ ಅಷ್ಟು ಭಯ ಆಗಿರಲಿಲ್ಲ.

"ಕರಿಕೀದೂ ಹೆಚ್ಚುಕಮ್ಮಿ ಹಿಂಗೇ ಆಗಿದೆ, ವಯಸ್ಸಾದ ಹಂದಿ ತಡ್ಕೊಂಡಿದೆ ಅಷ್ಟೇ," ಅಂದ್ರು ಡಾಕ್ಟ್ರು. ಅವರಿಗೆ ಮಾತು ಜೋರಾಗಿ, ಒಂದರ ಮೇಲೊಂದು ಬರ್ತಿತ್ತು. "ನಾಲ್ಕೇ ದಿನದಲ್ಲಿ ಶಾಮಲಮ್ಮ. ಬರೀ ಊಟ ಬದಲಾಯಿಸಿದ್ದಕ್ಕೆ. ನಾಟಿ ಹಂದಿ ಹೊಟ್ಟು, ನಾರು, ಸಿಪ್ಪೆ ತಿಂದು ಬದುಕೋದು ಹೆಂಗೆ ಅಂತ ನಾನು ತಲೆ ಕೆಡಿಸ್ಕೊಂಡಿದ್ದೆ. ಅದು ತಿನ್ನೋದು ಮೊದಲು ಇವಕ್ಕೆ, ಆಮೇಲೆ ತನಗೆ. ಇವು ಆ ಹೊಟ್ಟನ್ನ ಕೊಳೆಸಿ ಅರಗಿಸಿ ಕೊಡ್ತವೆ, ಹುಳಿ ಮಾಡಿ ಇಟ್ಟು ಕೆಟ್ಟದ್ದನ್ನ ಒಳಗೆ ಬಿಡಲ್ಲ. ನಾನು ಆ ಹೊಟ್ಟನ್ನೇ ನಿಲ್ಲಿಸಿ ಜೋಳ, ಮೀನಿನ ಪುಡಿ ಸುರಿದೆ. ಇವು ಉಪವಾಸ ಬಿದ್ವು, ಆ ಗುಲಾಬೀದಕ್ಕೆ ಹಬ್ಬ ಆಯ್ತು. ಮೇಲಿಂದ ದಿನಾ ಹೊಸದಾಗಿ ಒಳಗೆ ಹೋಗ್ತಿದ್ದ ಬಾನಿದೂ ನಿಂತುಹೋಯ್ತು. ಪುಸ್ತಕದಲ್ಲಿ ಬಿಳಿ ಹಂದಿ ಬಗ್ಗೆ ಬರ್ದಿದಾರೆ. ನಿಮ್ಮತ್ತೆ ಬಾನಿ ಬಗ್ಗೆ ಯಾರೂ ಬರ್ದಿಲ್ಲ."

"ಹಳೇ ಊಟಾನೇ ಹಾಕಿದ್ರೆ ಸರಿಹೋಗಲ್ವಾ ಸಾರ್?"

"ಹೋಗ್ತದೆ. ಹದಿನೈದಿಪ್ಪತ್ತು ದಿನ ಬೇಕು. ಮರಿಗಳ ಹತ್ರ ಅಷ್ಟು ದಿನ ಇಲ್ಲ. ನಾನು ತಗೊಂಡಿದ್ದ ಒಂದು ಚಮಚ ಪರೀಕ್ಷೆಗೇ ಮುಗಿದುಹೋಯ್ತು. ಆ ತಳದ ಹುಳಿ ಎಲ್ಲಾದ್ರೂ ಒಂದು ಹಿಡಿ ಸಿಕ್ಕಿದ್ರೆ..." ಅಂತ ಅರ್ಧಕ್ಕೆ ನಿಲ್ಲಿಸಿದ್ರು.

ಶಾಮಲ ತನ್ನ ಕೈ ನೋಡ್ಕೊಂಡ್ಲು. ಇಟ್ಟಿಗೆ ಪುಡಿ ಇನ್ನೂ ಉಗುರಿನ ಸಂದೀಲಿತ್ತು. "ಬಾನಿ ತೊಳೆದಿದ್ದು ನಾನು ಅಂತ ಯಾಕೆ ಹೇಳ್ಲಿಲ್ಲ ಸಾರ್?"

"ಭೇಷ್ ಅಂದಿದ್ದು ನಾನಲ್ವಾ," ಅಂದ್ರು ಡಾಕ್ಟ್ರು.

ಮೆಣಸಿನಕಾಯಿ ತರೋದು ಮರೆತೇ ಮನೆಗೆ ಬಂದ್ಲು. ಅತ್ತೆ ಚುಕ್ಕೆ ಮರೀನ ತೊಡೆ ಮೇಲೆ ಮಲಗಿಸ್ಕೊಂಡು ಬಟ್ಟೆ ತುದೀಲಿ ಗಂಜಿ ಹಿಂಡ್ತಾ ಇದ್ರು. ಅಷ್ಟರಲ್ಲಿ ಇನ್ನೊಂದು ಹೋಗಿತ್ತು. ಆರು. ಗಂಗುಲಪ್ಪ ಗುದ್ದಲಿ ತೊಳೀತಿದ್ದ.

"ಅತ್ತೆ, ಬಾನಿ ತೊಳೆದಿದ್ದು ನಾನು. ಡಾಕ್ಟ್ರಲ್ಲ."

ಗಂಗುಲಪ್ಪ ಗುದ್ದಲಿ ಹಿಡ್ಕೊಂಡೇ ನಿಂತ. ಅತ್ತೆ ಗಂಜಿ ಹಿಂಡೋದು ನಿಲ್ಲಿಸಲಿಲ್ಲ.

"ಗೊತ್ತು ಕಣೇ. ಆ ಹುಡುಗನ್ನ ಬೈದು ಕಳಿಸಿದ ಮೇಲೆ ಬಾನಿ ಬುಡದಲ್ಲಿ ಇಟ್ಟಿಗೆ ಪುಡಿ ನೋಡ್ದೆ. ಯಾವ ಡಾಕ್ಟ್ರು ಇಟ್ಟಿಗೆ ಪುಡೀಲಿ ಉಜ್ಜುತಾನೆ? ಅದು ಕೋಲಾರ ಪೇಟೆ ಕೆಲಸ." ಮರಿ ಬಾಯಿ ಒರೆಸಿ ಅಂದ್ರು, "ನಿನ್ನ ಬಾಯಿಂದ ಬರ್ತದಾ ಅಂತ ನೋಡ್ತಿದ್ದೆ."

ಬೈದಿದ್ರೆ ಚೆನ್ನಾಗಿತ್ತು ಅನ್ನಿಸಿತು ಶಾಮಲನಿಗೆ. ಹೊಡೆದಿದ್ರೂ ಸರಿಯೇ.

ಡಾಕ್ಟ್ರು ಹೇಳಿದ್ದನ್ನ ಹೇಳಿದ್ಲು, ಎಲ್ಲಾದ್ರೂ ಒಂದು ಹಿಡಿ ಸಿಕ್ಕಿದ್ರೆ ಅಂತ. ಗಂಗುಲಪ್ಪ ಗಂಟಲು ಸರಿ ಮಾಡ್ಕೊಂಡ. "ಮಾಲೂರಲ್ಲಿ ಚಿಕ್ಕಮ್ಮನ ಹತ್ರ..."

"ಆ ಕಳ್ಳಿ ಹೆಸರು ಎತ್ತಬೇಡ," ಅಂದ್ರು ಅತ್ತೆ. ಈ ಸಲ ಧ್ವನಿ ಎತ್ತಿದ್ರು. ಚುಕ್ಕೆ ಮರಿ ಬೆಚ್ಚಿಬಿತ್ತು.

ಕಥೆ ಇಷ್ಟೇ. ಅತ್ತೆ ತವರಲ್ಲಿ, ಬಾನಿಯ ಹುಳಿ ಒಂದು ಮನೇಲಿ ಮಾತ್ರ ಇರಬೇಕು ಅಂತ ನಂಬಿಕೆ. ಪಾಲಾದ್ರೆ ಅದರ ಸತ್ವ ಹೋಗ್ತದೆ ಅಂತ. ಹಂಗಾಗಿ ಹಿರಿ ಮಗಳಿಗೆ ಮಾತ್ರ. ತಂಗಿ ಬೈರಮ್ಮ ಮಾಲೂರು ಕಡೆ ಮದುವೆಯಾಗಿ ಹೋದ್ಲು. ಒಂದೇ ವರ್ಷದಲ್ಲಿ ಅವಳ ಹಂದಿಗಳು ದುಂಡಗೆ ಬೆಳೆದ್ವು. ಅಕ್ಕನಿಗೆ ಅನುಮಾನ ಬಂತು. ಬೈರಮ್ಮ ಮುಳಬಾಗಿಲು ಆಂಜನೇಯನ ಮುಂದೆ ಕರ್ಪೂರ ಆರಿಸಿ ಆಣೆ ಮಾಡಿದ್ಲು, ಬಾನಿಗೆ ಕೈ ಹಾಕಿಲ್ಲ, ಪಾತ್ರೆ ಹಾಕಿಲ್ಲ ಅಂತ. ಅಕ್ಕ ನಂಬಲಿಲ್ಲ. ಅವತ್ತಿಂದ ಮೂವತ್ತು ವರ್ಷ ಮಾತಿಲ್ಲ. ಮೊನ್ನೆ ನಾಮಕರಣಕ್ಕೂ ಇಬ್ಬರೂ ಬಂದಿದ್ರಂತೆ, ಎರಡು ಮೂಲೇಲಿ ಕೂತು ಉಂಡು ಎದ್ದು ಬಂದ್ರಂತೆ.

"ಮರಿ ಸತ್ರೆ ಸಾಯ್ಲಿ. ಅವಳ ಬಾಗಿಲಿಗೆ ಹೋಗಬೇಡಿ," ಅಂದ್ರು ಅತ್ತೆ. ಹಂಗಂದು ಚುಕ್ಕೆ ಮರೀನ ಇನ್ನೂ ಹತ್ರಕ್ಕೆ ಎಳ್ಕೊಂಡ್ರು.

ಭಾನುವಾರ ಬೆಳಿಗ್ಗೆ ಮೊದಲನೇ ಬಸ್ಸಿಗೆ ಶಾಮಲ ಗಂಡನ್ನ ಎಳ್ಕೊಂಡು ಹೊರಟ್ಲು, ಕೈಯಲ್ಲಿ ಹಿಡಿ, ಮುಚ್ಚಳ ಇರೋ ತೂಕುಪಾತ್ರೆ. ಅತ್ತೆ ನೋಡಿದ್ರು, ಎಲ್ಲಿಗೆ ಅಂತ ಕೇಳಲಿಲ್ಲ. ಶ್ರೀನಿವಾಸಪುರ, ಕೋಲಾರ, ಅಲ್ಲಿಂದ ಮಾಲೂರು. ಕೋಲಾರದ ಬಸ್ ಸ್ಟ್ಯಾಂಡಲ್ಲಿ ಇಳಿದು ಹತ್ತಿದ್ರೂ ಅಪ್ಪನ ಮನೆ ಕಡೆ ತಿರುಗಿ ನೋಡಲಿಲ್ಲ ಅವಳು.

ಬೈರಮ್ಮನ ಮನೆ ಹೆಂಚಿನ ಫ್ಯಾಕ್ಟರಿ ಹಿಂದೆ. ಜಗಲಿ ಮೇಲೆ ಕೂತು ಮೊರದಲ್ಲಿ ರಾಗಿ ಕೇರ್ತಾ ಇದ್ರು. ಅತ್ತೆ ಮುಖಾನೇ, ಸ್ವಲ್ಪ ದಪ್ಪ, ಬಾಯಲ್ಲಿ ಎಲೆಯಡಿಕೆ.

"ಅಲೆಲೆ, ಗಂಗುಲಪ್ಪ. ದಾರಿ ತಪ್ಪಿತಾ? ಇವಳೇನಾ ನಿನ್ನ ಹೆಂಡ್ತಿ? ನಾಮಕರಣದಲ್ಲಿ ನಿಮ್ಮಮ್ಮ ತೋರಿಸ್ತಾಳೇನೋ ಅಂತಿದ್ದೆ, ಅವಳು ಬಾಳೆಎಲೆ ಬಿಟ್ಟು ತಲೆ ಎತ್ತಿದ್ರೆ ತಾನೆ."

ಶಾಮಲ ನಿಂತ್ಕೊಂಡೇ ಎಲ್ಲಾ ಹೇಳಿದ್ಲು. ಬಾನಿ, ಇಟ್ಟಿಗೆ ಪುಡಿ, ಫೀಡು, ನೇರಳೆ ಕಡ್ಡಿ, ಆರು ಮರಿ. ಬೈರಮ್ಮನ ಮೊರ ನಿಂತಿತು. ಎಲೆಯಡಿಕೆ ಅಗಿಯೋದೂ ನಿಂತಿತು.

"ತೊಳೆದ್ಯಾ? ತಳ ಸಮೇತ?"

"ಹೂಂ ಚಿಕ್ಕತ್ತೆ."

"ಅಯ್ಯೋ ದೇವುಡಾ." ಆಮೇಲೆ ಮೊರ ಕೆಳಗಿಟ್ಟು ಗಟ್ಟಿಯಾಗಿ ಅಂದ್ರು. "ಆದ್ರೆ ನನ್ನ ಹತ್ರ ಎಲ್ಲಿಂದ ಬರ್ತದೆ? ನಾನು ಕದ್ದಿಲ್ಲ. ಆಂಜನೇಯನ ಮುಂದೆ ಆಣೆ ಮಾಡಿದೀನಿ."

"ನೀವು ಕದ್ದಿಲ್ಲ ಅಂದ್ರೆ ನಮ್ಮ ಮರಿಗಳು ಸಾಯ್ತವೆ ಚಿಕ್ಕತ್ತೆ," ಅಂದ್ಲು ಶಾಮಲ. "ದಾರಿ ಉದ್ದಕ್ಕೂ ದೇವ್ರನ್ನ ಬೇಡ್ಕೊಂಡು ಬಂದೆ, ನೀವು ಕದ್ದಿರ್ಲಿ ಅಂತ."

ಬೈರಮ್ಮ ಅವಳನ್ನೇ ನೋಡಿದ್ರು. ಗಂಗುಲಪ್ಪ ಚಪ್ಪಲಿ ನೋಡ್ಕೊಳ್ತಾ ನಿಂತಿದ್ದ. ಫ್ಯಾಕ್ಟರಿ ಕಡೆಯಿಂದ ಲಾರಿಗೆ ಹೆಂಚು ಜೋಡಿಸೋ ಸದ್ದು ಬರ್ತಿತ್ತು. ಬೈರಮ್ಮ ಎದ್ದು ಎಲೆಯಡಿಕೆ ಉಗಿದು, ಹಿತ್ತಲಿಗೆ ನಡೆದ್ರು. ಬನ್ನಿ ಅನ್ನಲಿಲ್ಲ. ಶಾಮಲ ಹಿಂದೇನೇ ಹೋದ್ಲು.

ಬೇವಿನ ಮರದ ಕೆಳಗೆ ಬಾನಿ. ಹಲಗೆ ಸರಿಸಿದ್ರು. ಹುಳಿಹುಳಿ, ಸ್ವಲ್ಪ ಹೆಂಡದಂಥ, ಸ್ವಲ್ಪ ಮಾವಿನಂಥ ವಾಸನೆ ರಪ್ಪನೆ ಮುಖಕ್ಕೆ ಬಡೀತು. ಅದೇ ವಾಸನೆ. ತಾನು ಎರಡು ಸಲ ಸೋಪು ಹಚ್ಚಿ ಕಳ್ಕೊಂಡ ವಾಸನೆ.

"ಆಣೆ ಸುಳ್ಳಲ್ಲ," ಅಂದ್ರು ಬೈರಮ್ಮ, ಬಾನಿ ಒಳಗೇ ನೋಡ್ತಾ. "ಕೈ ಹಾಕಿಲ್ಲ, ಪಾತ್ರೆ ಹಾಕಿಲ್ಲ ಅಂದೆ. ಹಾಕಿರಲಿಲ್ಲ. ಅಕ್ಕನ ಬಾನೀಲಿ ಧಾರೆ ಸೀರೆ ಸೆರಗಿನ ತುದಿ ಅದ್ದಿ, ಒಣಗಿಸ್ಕೊಂಡು ಬಂದೆ. ಇಲ್ಲಿ ಬಂದು ಗಂಜೀಲಿ ನೆನೆಸ್ದೆ. ಮೂರನೇ ದಿನಕ್ಕೆ ನೊರೆ ಬಂತು. ಅವತ್ತಿಂದ ಒಂದು ದಿನ ನೆಟ್ಟಗೆ ನಿದ್ದೆ ಮಾಡಿಲ್ಲ ಕಣಮ್ಮ. ಆಂಜನೇಯ ಸೆರಗು ನೋಡಿರಲ್ವಾ?"

ತೂಕುಪಾತ್ರೆಗೆ ತಳದ್ದನ್ನೇ ಮೊಗೆದು ತುಂಬಿಸಿದ್ರು. ಶಾಮಲ ಕೈ ಚಾಚಿದ್ಲು, ಕೊಡಲಿಲ್ಲ. "ನಾನೇ ತರ್ತೀನಿ, ನಡಿ. ಬೈಸ್ಕೊಳೋದು ಬಾಕಿ ಇದೆ."

ವಾಪಸ್ಸು ಬಸ್ಸಲ್ಲಿ ಕೋಲಾರ ದಾಟೋ ಹೊತ್ತಿಗೆ ಬಿಸಿಲಿಗೆ ಪಾತ್ರೇಲಿದ್ದ ಹುಳಿ ಉಬ್ಬಿ ಮುಚ್ಚಳ ಟಪ್ ಅಂತ ಹಾರಿತು. ಇಡೀ ಬಸ್ಸು ತಿರುಗಿ ನೋಡಿತು. ಕಂಡಕ್ಟರ್ ಮೂಗು ಮುಚ್ಕೊಂಡು ಬಂದ.

"ಏನಜ್ಜಿ ಅದು, ಕಳ್ಳಬಟ್ಟಿನಾ? ಇಳೀರಿ ಕೆಳಗೆ."

"ನಮ್ಮಮ್ಮನ ಮನೆ ಆಸ್ತಿ ಕಣಪ್ಪ," ಅಂದ್ರು ಬೈರಮ್ಮ. "ಕುಡಿದು ನೋಡ್ತೀಯಾ? ಹಂದಿಗೆ ಆಗ್ತದೆ, ನಿನಗೂ ಆಗಬಹುದು."

ಹಿಂದಿನ ಸೀಟಲ್ಲಿ ಯಾರೋ ಕಿಸಕ್ಕನೆ ನಕ್ಕರು. ಕಂಡಕ್ಟರ್ ಗೊಣಗ್ತಾ ಮುಂದಕ್ಕೆ ಹೋದ. ಶಾಮಲ ಎರಡೂ ಕೈಯಿಂದ ಮುಚ್ಚಳ ಒತ್ತಿ ಹಿಡ್ಕೊಂಡ್ಲು, ಒಳಗಿಂದ ಅದು ಅಂಗೈಯನ್ನ ಮೆಲ್ಲಗೆ ತಳ್ತಾ ಇತ್ತು. ಆಸ್ಪತ್ರೇಲಿ ಕಂಡ ಕಡ್ಡಿಗಳು ಬರೀ ಗಾಜಿನ ಮೇಲಿನ ಬಣ್ಣ ಅನ್ನಿಸಿದ್ವು. ಈಗ ಕೈ ಕೆಳಗೆ ಉಸಿರಾಡ್ತಿದ್ವು.

ಸಂಜೆ ಬೆಳಕಿರೋವಾಗ್ಲೇ ಮನೆ ಮುಟ್ಟಿದ್ರು. ಅತ್ತೆ ಗೂಡಿನ ಬಾಗಿಲಲ್ಲಿ ಕೂತಿದ್ರು. ಒಳಗೆ ಐದೇ ಮರಿ. ಚುಕ್ಕೆ ಮರಿ ಇತ್ತು, ತಲೆ ಎತ್ತೋಕಾಗ್ತಿರಲಿಲ್ಲ. ಅಕ್ಕ ತಂಗೀನ ನೋಡಿದ್ರು. ತಂಗಿ ಪಾತ್ರೆ ಮುಚ್ಚಳ ತೆಗೆದು ಮುಂದೆ ಹಿಡಿದ್ರು. ಅತ್ತೆ ಒಂದು ಬೆರಳು ಅದ್ದಿ, ಮೂಸಿ, ನಾಲಿಗೆ ತುದಿಗೆ ಮುಟ್ಟಿಸಿದ್ರು. ಶಾಮಲ ಬೆಚ್ಚಿದ್ಲು, ಅದು ಹಂದಿ ಕಲಗಚ್ಚು. ಅತ್ತೆ ಕಣ್ಣು ಮುಚ್ಚಿ ಹಂಗೇ ಇದ್ರು.

"ನೀನು ಉಪ್ಪು ಜಾಸ್ತಿ ಹಾಕ್ತೀಯ," ಅಂದ್ರು. ಮೂವತ್ತು ವರ್ಷ ಆದಮೇಲೆ ತಂಗಿಗೆ ಆಡಿದ ಮೊದಲ ಮಾತು.

"ಮಾಲೂರು ನೀರು ಸಪ್ಪೆ," ಅಂದ್ರು ಬೈರಮ್ಮ.

"ಯಾವುದ್ರಲ್ಲಿ ತಗೊಂಡು ಹೋದೆ?"

"ಸೆರಗಲ್ಲಿ."

ಅತ್ತೆ ಗೋಡೆಗೆ ಒರಗಿದ್ರು. "ಯಾವ ಗಡಿಗೇಲಿ ಕದ್ಯೋ ಅಂತ ನಾನು ಗಡಿಗೆ ಎಣಿಸ್ತಾ ಕೂತಿದ್ದೆ," ಅಂದ್ರು. ಆಮೇಲೆ ಬೆರಳು ಅದ್ದಿ ಅದ್ದಿ ಐದೂ ಮರಿಗಳ ಬಾಯೊಳಗೆ ಸವರಿದ್ರು. ಚುಕ್ಕೆ ಮರಿ ಮೊದಲು ಮುಖ ತಿರುಗಿಸಿತು. ಆಮೇಲೆ ನಾಲಿಗೆ ಚಾಚಿ ಬೆರಳನ್ನ ಚೀಪಿತು, ಬಿಡಲೇ ಇಲ್ಲ.

ಉಳಿದಿದ್ದನ್ನ ಶಾಮಲನ ಕೈಗೆ ಕೊಟ್ರು. "ತೊಳೆದೋಳು ನೀನು. ನೀನೇ ಹುಯ್ಯಿ."

ರಾಗಿ ಗಂಜಿ, ಹೊಟ್ಟು, ಮೇಲೆ ಆ ಹುಳಿ. ಕೆಂಪಗೆ ಹೊಳೀತಿದ್ದ ಬಾನಿ ತಳ ಮುಚ್ಚಿಹೋಯ್ತು. ಮೂರನೇ ದಿನಕ್ಕೆ ನೊರೆ ಬಂತು, ಭೇದಿ ನಿಂತಿತು. ಐದೂ ಉಳಿದ್ವು, ಅದರಲ್ಲಿ ಮೂರು ಹೆಣ್ಣು. ಬೈರಮ್ಮ ಒಂದು ದಿನಕ್ಕೆ ಅಂತ ಬಂದೋರು ಹತ್ತು ದಿನ ಇದ್ದು ಅಕ್ಕನ ಜೊತೆ ದಿನಾ ಉಪ್ಪಿನ ಬಗ್ಗೆ ಜಗಳ ಆಡಿದ್ರು. ಅತ್ತೆ ಡಾಕ್ಟ್ರಿಗೆ ಗಂಗುಲಪ್ಪನ ಕೈಲಿ ಒಂದು ಬುಟ್ಟಿ ಮಾವಿನಹಣ್ಣು ಕಳಿಸಿ, "ಅಂಗಳ ತುಳೀಬಹುದು, ಮೂಟೆ ಮಾತ್ರ ತರಬೇಡ ಅಂತ ಹೇಳು," ಅಂದ್ರು. ಡಾಕ್ಟ್ರು ಮರಿಗಳ ಬಾಟ್ಲಿ ತಗೊಂಡು ಹೋಗಿ, ಅದೇ ಸಂಜೆ ಸೈಕಲ್ ತುಳ್ಕೊಂಡು ಏದುಸಿರು ಬಿಡ್ತಾ ಬಂದ್ರು, ನೇರಳೆ ಬಂದಿದೆ, ನೇರಳೆ ಬಂದಿದೆ ಅಂತ.

ಬೈರಮ್ಮ ಊರಿಗೆ ಹೊರಟ ದಿನ ಶಾಮಲ ತವರಿನ ಹೊಸ ಸೀರೆ ಉಟ್ಟಿದ್ಲು, ಬಸ್ಸು ಹತ್ತಿಸಿ ಬರೋಕೆ. ಅತ್ತೆ ಅವಳನ್ನ ಬಾನಿ ಹತ್ರ ಕರೆದ್ರು. ಸೊಸೆ ಹತ್ರ ಬಂದಿದ್ದೇ ತಡ, ಅವಳ ಸೆರಗು ಹಿಡಿದು ಎಳೆದು, ತುದೀನ ಬಾನಿ ತಳದ ತನಕ ಅದ್ದಿ, ಹಿಂಡಿದ್ರು.

ಕೋಲಾರದ ಅಂಗಡೀಲಿ ಅಮ್ಮ ಆರಿಸಿದ ಸೀರೆ. ನೀಲಿ ಅಂಚಿಂದ ಹುಳಿ ನೀರು ತೊಟ್ಟಿಕ್ಕುತಿತ್ತು.

"ಹೋಗು, ಬಿಸಿಲಿಗೆ ಹರವು," ಅಂದ್ರು ಅತ್ತೆ. "ಒಣಗಿದ ಮೇಲೆ ಕತ್ತರಿಸಿ ಟ್ರಂಕಲ್ಲಿಡು. ನಿನ್ನ ಸೊಸೆ ಯಾವ ಪುಡೀಲಿ ತೊಳೀತಾಳೋ ಯಾರಿಗೆ ಗೊತ್ತು."